ಬೇರೆ ತಾಟು

ಜೋಳದ ರೊಟ್ಟಿಯನ್ನು ಹೊಗಳುವ ಅಧಿಕಾರ ಅದನ್ನು ಬಡಿಯಬಲ್ಲವರಿಗೆ ಮಾತ್ರ ಉಂಟೆಂಬುದು ನನ್ನ ಹೆಂಡತಿಯ ಸಿದ್ಧಾಂತ. ಬೀದರಿನಲ್ಲಿ ಕನ್ನಡ ಅಧ್ಯಾಪಕನಾಗಿರುವ ನಾನು ಇಷ್ಟು ವರ್ಷವೂ ಅನಧಿಕಾರಿಯಾಗಿಯೇ ಅದನ್ನು ಹೊಗಳುತ್ತ ಬಂದಿದ್ದೇನೆ. ಜನಪದ ಸಾಹಿತ್ಯದ ಪಾಠ ಬಂದರೆ ಸಾಕು, ಬೀಸುವ ಕಲ್ಲಿನಿಂದ ಹೊರಟು, ಗಂಟೆ ಹೊಡೆಯುವ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿಯನ್ನು ಉಬ್ಬಿಸಿ ಇಳಿಸಿರುತ್ತೇನೆ. ಹುಡುಗರಿಗೆ ಹಸಿವಾಗುತ್ತದೆ, ಪಾಠ ಚೆನ್ನಾಗಿ ಆಯಿತೆಂದು ನಾನು ತಿಳಿಯುತ್ತೇನೆ.

ಹೋದ ದಸರೆಯ ರಜೆಯಲ್ಲಿ ಹೆಂಡತಿ ನಾಲ್ಕು ದಿನ ತವರಿಗೆ ಹೋದಳು. ಮನೆಯಲ್ಲಿ ನಾನು ಮತ್ತು ಮಗಳು. ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಹೊಗಳಿಕೆಯ ಋಣ ತೀರಿಸುವ ಸಮಯ ಬಂತೆಂದು ನಾನೇ ಕೊಣಮಿಗೆಯ ಮುಂದೆ ಕುಳಿತೆ. ತಣ್ಣೀರು ಹಾಕಿ ಹಿಟ್ಟು ನಾದಿದೆ. ಬಡಿದೆ. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಅದು ನಮ್ಮ ಜಿಲ್ಲೆಯ ನಕಾಶೆಯಾಗಿತ್ತು. ಔರಾದ ಒಂದು ಕಡೆ ಬಿತ್ತು, ಭಾಲ್ಕಿ ಇನ್ನೊಂದು ಕಡೆ ಜೋತುಬಿತ್ತು, ಬೀದರವೊಂದೇ ಹಂಚು ಸೇರಿತು.

"ಎಸರು ಇಡಲಾರದೆ ತಣ್ಣೀರು ಹಾಕಿದ್ರ ಹಿಂಗೇ ಆಗ್ತದ, ಅಪ್ಪಾ," ಎಂದಳು ಮಗಳು. "ಗೋಧಿ ಹಿಟ್ಟು ತಣ್ಣೀರಿಗೇ ಎಳದಂಗ ಬರ್ತದ. ಜ್ವಾಳದ್ದು ಬರಂಗಿಲ್ಲ. ಯಾಕ, ಗೊತ್ತದೇನ್ರಿ?"

"ಜೋಳಕ್ಕೆ ಜಿಗಿ ಇಲ್ಲ," ಎಂದೆ.

"ಯಾಕಿಲ್ಲ?"

ಇದು ಎಲ್ಲ ಅಧ್ಯಾಪಕರೂ ಅಂಜುವ ಪ್ರಶ್ನೆ. 'ಯಾಕಿಲ್ಲ' ಎಂದು ಕೇಳುವ ವಿದ್ಯಾರ್ಥಿಗೆ 'ಅದು ಪಠ್ಯದಲ್ಲಿಲ್ಲ' ಎಂದು ಹೇಳಿ ಪಾರಾಗಬಹುದು. ಮಗಳಿಗೆ ಹಾಗೆ ಹೇಳಲಾಗದು.

ಅವಳ ಪ್ರಶ್ನೆಗೆ ಒಂದು ಹಿನ್ನೆಲೆಯಿತ್ತು. ರಾಜ್ಯೋತ್ಸವದ ತಿಂಗಳಿನಲ್ಲಿ ವಿಜ್ಞಾನದ ವಿದ್ಯಾರ್ಥಿಗಳೆಲ್ಲ ತಲಾ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಬೇಕೆಂದು ಅವರ ಕಾಲೇಜಿನಲ್ಲಿ ಗೊತ್ತಾಗಿತ್ತು. ಇವಳ ಪಾಲಿಗೆ ಬಂದದ್ದು ಪ್ರೋಟೀನುಗಳ ಆಕಾರ. ವಿಷಯ ಅವಳಿಗೆ ಗೊತ್ತು, ಮಾತು ಬೇಕು. ಮಾತು ನನ್ನ ಕಸುಬಲ್ಲವೆ? 'ನಾನ್‌ಕೋವೆಲೆಂಟ್ ಇಂಟರ್‌ಆಕ್ಷನ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದಳು. ನಾನು ಕಪಾಟಿನ ನಿಘಂಟುಗಳನ್ನೆಲ್ಲ ಹರವಿ, ಅರ್ಧ ತಾಸು ತಪಸ್ಸು ಮಾಡಿ, 'ಅಸಹವೇಲೆನ್ಸೀಯ ಅಂತರಕ್ರಿಯೆ' ಎಂದು ಬರೆದುಕೊಟ್ಟೆ.

ಅವಳು ಅದನ್ನು ಎರಡು ಸಲ ಓದಿಕೊಂಡು, "ಇಷ್ಟು ಹೇಳೋದ್ರಾಗೇ ನನ್ನ ಹತ್ತು ನಿಮಿಷ ಮುಗೀತದ," ಎಂದು ಚೀಟಿಯನ್ನು ಹಿಂದಿರುಗಿಸಿದಳು.

ಮೊದಲು ವಿಷಯ ತಿಳಿಯದೆ ಪದ ಕೊಡಲು ಹೊರಟದ್ದೇ ತಪ್ಪೆಂದು ಒಪ್ಪಿ, ಆ ರಾತ್ರಿ ನಾನು ಶಿಷ್ಯನಾದೆ. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಮೈಯ ಸ್ನಾಯು, ರಕ್ತದ ಕೆಂಪು, ಹಾಲಿನ ಕೆನೆಗಟ್ಟುವ ಗುಣ, ಉಂಡದ್ದನ್ನು ಅರಗಿಸುವ ರಸ, ಎಲ್ಲಕ್ಕೂ ಮೂಲವಾದ ಪ್ರೋಟೀನುಗಳು ಅಮೈನೊ ಆಮ್ಲಗಳೆಂಬ ಚಿಕ್ಕ ಚಿಕ್ಕ ಘಟಕಗಳ ಸರಪಣಿಗಳು. ಮುಖ್ಯವಾದ ಅಮೈನೊ ಆಮ್ಲಗಳು ಇಪ್ಪತ್ತು. ಅಂದರೆ ಜೀವದ ವರ್ಣಮಾಲೆ ನಮ್ಮ ವರ್ಣಮಾಲೆಗಿಂತ ಚಿಕ್ಕದು. ಎಲ್ಲಕ್ಕೂ ಬೆನ್ನು ಒಂದೇ ತರಹ. ಪಕ್ಕಕ್ಕೆ ಚಾಚಿದ ಕವಲು ಮಾತ್ರ ಬೇರೆ ಬೇರೆ. ಒಂದರ ತಲೆ ಇನ್ನೊಂದರ ಕಾಲಿಗೆ ಸೇರುವಾಗ ನಡುವಿನಿಂದ ಒಂದು ನೀರಿನ ಅಣು ಬಿಟ್ಟುಹೋಗುತ್ತದೆ. ಇದನ್ನು ಕೇಳಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಇದು ಲೋಪಸಂಧಿ!" ಎಂದು ಕೂಗಿದೆ. ಮಾತು ಇಲ್ಲ ಎಂಬುದು ಮಾತಿಲ್ಲ ಆಗುವಾಗ ಒಂದು ಉಕಾರ ಬಿಟ್ಟುಹೋಗುವುದಿಲ್ಲವೆ? ಕೇಶಿರಾಜನಿಗೂ ರಸಾಯನಶಾಸ್ತ್ರಕ್ಕೂ ನಂಟು ಕಟ್ಟಿದ ಹೆಮ್ಮೆಯಲ್ಲಿ ನಾನಿರುವಾಗ ಮಗಳು, "ಅದು ಬರೇ ಗಂಟು, ಅಪ್ಪಾ. ಅದು ಸುಲಭದ್ದು. ಮುಂದಿಂದು ಕೇಳ್ರಿ," ಎಂದಳು.

ಸರಪಣಿ ಸರಪಣಿಯಾಗಿಯೇ ಇದ್ದರೆ ಯಾವ ಕೆಲಸಕ್ಕೂ ಬಾರದಂತೆ. ಅದು ಮಡಿಚಿ, ಸುತ್ತಿ, ಒಂದು ನಿಶ್ಚಿತವಾದ ಮುದ್ದೆಯಾಗಬೇಕು. ಇನ್ಸುಲಿನ್ನಿನಲ್ಲಿ ೫೧ ಅಮೈನೊ ಆಮ್ಲಗಳು. ರಕ್ತದ ಹಿಮೊಗ್ಲೋಬಿನ್ನಿನ ಒಂದೊಂದು ಎಳೆಯಲ್ಲಿ ೧೪೦ಕ್ಕೂ ಹೆಚ್ಚು. ಇಷ್ಟುದ್ದದ ಎಳೆಗೆ ಇಂಥ ಕಡೆ ಮಡಿಚು, ಇಂಥ ಕಡೆ ತಿರುಗು ಎಂದು ಹೇಳುವವರು ಯಾರು? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಎಂಬ ವಿಜ್ಞಾನಿ ೧೨೪ ಅಮೈನೊ ಆಮ್ಲಗಳ ಒಂದು ಪ್ರೋಟೀನನ್ನು ಯೂರಿಯ ಮೊದಲಾದ ರಸಾಯನಗಳಲ್ಲಿ ಹಾಕಿ, ಮಡಿಕೆಗಳನ್ನೆಲ್ಲ ಬಿಚ್ಚಿ ನೂಲಾಗಿಸಿದ. ಆಮೇಲೆ ರಸಾಯನಗಳನ್ನು ತೆಗೆದುಬಿಟ್ಟ. ಪ್ರೋಟೀನು ತಾನಾಗಿಯೇ ಮೊದಲಿನಂತೆ ಮಡಿಚಿಕೊಂಡು, ಮೊದಲಿನಂತೆ ಕೆಲಸಕ್ಕೆ ತೊಡಗಿತು. ಹೊರಗಿನ ಗುರು ಬೇಕಾಗಲಿಲ್ಲ. ಪಾಠ ಎಳೆಯ ಒಳಗೇ ಇತ್ತು. ಇದಕ್ಕಾಗಿ ಆತನಿಗೆ ೧೯೭೨ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಇಸವಿ ವಾಚಕರ ನೆನಪಿನಲ್ಲಿರಲಿ. ನಮ್ಮ ಮನೆಗೂ ಅದು ಮರೆಯಲಾಗದ ಇಸವಿ.

ನಮ್ಮವರ ಹೆಸರನ್ನೂ ಹೇಳಬೇಕು. ಬೆಂಗಳೂರಿನಲ್ಲಿ ರಾಮನ್ ಅವರ ಕೈಕೆಳಗೆ ಕಲಿತ ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ, ೧೯೬೩ರಲ್ಲಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಒಂದು ನಕಾಶೆ ಬರೆದರು. ಸರಪಣಿಯ ಪ್ರತಿಯೊಂದು ಕೊಂಡಿಯಲ್ಲಿಯೂ ತಿರುಗಬಲ್ಲ ಕೀಲುಗಳು ಎರಡು. ಆದರೆ ಮನಬಂದಂತೆ ತಿರುಗಿದರೆ ಪರಮಾಣು ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಡಿಕ್ಕಿಯಾಗದಂತೆ ತಿರುಗಬಹುದಾದ ಕೋನಗಳು ಎಷ್ಟು ಸ್ವಲ್ಪವೆಂಬುದನ್ನು ಆ ನಕಾಶೆ ತೋರಿಸುತ್ತದೆ. ರಾಮಚಂದ್ರನ್ ಅವರು ೧೯೭೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗಾಗಿಯೇ ಒಂದು ವಿಭಾಗವನ್ನು ಸ್ಥಾಪಿಸಿದರು. ಪ್ರೋಟೀನಿನ ಯಾವುದೇ ಹೊಸ ಆಕಾರವನ್ನು ಕಂಡುಹಿಡಿದರೂ ಸರಿಯೋ ತಪ್ಪೋ ಎಂದು ಇಂದಿಗೂ ರಾಮಚಂದ್ರನ್ ನಕಾಶೆಗೆ ಹಚ್ಚಿ ನೋಡುತ್ತಾರಂತೆ. ನನ್ನ ರೊಟ್ಟಿಯ ನಕಾಶೆಗೆ ಆ ಭಾಗ್ಯವಿಲ್ಲ.

ಇನ್ನು ಮುದ್ದೆಯನ್ನು ಹಿಡಿದಿಡುವುದು ಯಾವುದು? ಸರಪಣಿಯ ಗಂಟುಗಳಂಥ ಗಟ್ಟಿ ಬಂಧಗಳಲ್ಲ. ಬೇರೆಯೇ ಒಂದು ಜಾತಿಯ ಸೆಳೆತಗಳು, ಒಂದೊಂದೂ ಕೈಲಾಗದವು. ಧನ ವಿದ್ಯುತ್ತಿನ ಕವಲು ಋಣ ವಿದ್ಯುತ್ತಿನ ಕವಲನ್ನು ಸೆಳೆಯುವುದು ಒಂದು. ಒಂದರ ಹೈಡ್ರೋಜನ್ನನ್ನು ಇನ್ನೊಂದರ ಆಕ್ಸಿಜನ್ನೋ ನೈಟ್ರೋಜನ್ನೋ ತನ್ನ ಕಡೆ ಎಳೆದುಕೊಂಡು ಅರ್ಧ ತನ್ನದೆನ್ನುವುದು ಇನ್ನೊಂದು. ತೀರ ಹತ್ತಿರ ಬಂದ ಯಾವ ಎರಡು ಪರಮಾಣುಗಳ ನಡುವೆಯಾದರೂ ಹುಟ್ಟುವ ಒಂದು ಸಣ್ಣ ಒಲವು ಮತ್ತೊಂದು; ಅಂತರ ಎರಡರಷ್ಟಾದರೆ ಅದರ ಬಲ ಅರವತ್ತನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ.

ಇಲ್ಲಿಯೂ ನನಗೆ ನನ್ನ ಶಾಸ್ತ್ರ ನೆನಪಾಗದೆ ಇರಲಿಲ್ಲ. ಬಿಡಿ ಬಿಡಿ ಪದಗಳು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಬೇಕೆಂದು ನಮ್ಮ ಹಿಂದಿನವರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬಯಸಬೇಕು. 'ಬೆಂಕಿಯಿಂದ ತೋಯಿಸು' ಎಂಬಂತೆ ಹೊಂದದಿರಬಾರದು. ಒಂದನ್ನು ಈಗ ನುಡಿದು ಇನ್ನೊಂದನ್ನು ಸಂಜೆಗೆ ನುಡಿದರೆ ಆಗದು. ಮಗಳು ಈ ಸಲ ನಗಲಿಲ್ಲ. "ಸನ್ನಿಧಿ," ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಇಪ್ಪತ್ತು ವರ್ಷ ಪಾಠ ಹೇಳಿದ್ದಕ್ಕೆ ಸಾರ್ಥಕವಾಯಿತು.

ಈ ಸೆಳೆತಗಳ ಬಲವನ್ನು ಅಳೆದಿದ್ದಾರೆ. ಸರಪಣಿಯ ಒಂದು ಗಂಟನ್ನು ಮುರಿಯಲು ೮೦ ಕಿಲೊ ಕ್ಯಾಲರಿಯಷ್ಟು ಶಕ್ತಿ ಬೇಕೆಂದರೆ, ಒಂದು ಹೈಡ್ರೋಜನ್ ಸೆಳೆತಕ್ಕೆ ಎರಡು ಮೂರು ಸಾಕು. ಇಡೀ ಮುದ್ದೆಯನ್ನು ಬಿಚ್ಚಲು ಬೇಕಾದದ್ದು ೫ರಿಂದ ೧೫. ಅಂದರೆ ನೂರಾರು ಸಣ್ಣ ಸೆಳೆತಗಳೆಲ್ಲ ಸೇರಿ, ಎದುರಿನ ಸೆಳೆತಗಳನ್ನು ಕಳೆದು, ಕೊನೆಗೆ ಉಳಿಯುವ ಬಲ ಒಂದು ಗಂಟಿನಷ್ಟೂ ಇಲ್ಲ. ನಾವು ಬದುಕಿರುವುದು ಇಷ್ಟು ಸಣ್ಣ ಉಳಿಕೆಯ ಮೇಲೆ. ಕೋಳಿಮೊಟ್ಟೆಯನ್ನು ಬೇಯಿಸಿದಾಗ ಯಾವ ಗಂಟೂ ಕಡಿಯುವುದಿಲ್ಲ. ಬಿಸಿಗೆ ಈ ಸೆಳೆತಗಳು ಸಡಿಲವಾಗಿ, ಒಳಗಿದ್ದದ್ದು ಹೊರಬಂದು, ನೆರೆಯದಕ್ಕೆ ಸಿಕ್ಕಿಕೊಂಡು ಬೆಳ್ಳಗೆ ಗಟ್ಟಿಯಾಗುತ್ತದೆ. ಮತ್ತೆ ತಣ್ಣಗೆ ಮಾಡಿದರೂ ಅದು ಲೋಳೆಯಾಗದು.

ಎಲ್ಲಕ್ಕಿಂತ ವಿಚಿತ್ರವಾದದ್ದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಅಮೈನೊ ಆಮ್ಲಗಳಲ್ಲಿ ಕೆಲವು ನೀರಿಗೆ ಒಗ್ಗುತ್ತವೆ, ಕೆಲವು ಎಣ್ಣೆಯ ಸ್ವಭಾವದವು. ಲ್ಯೂಸಿನ್, ವ್ಯಾಲಿನ್ ಎಂಬಂಥವು ಎಣ್ಣೆಯ ಪಕ್ಷ. ಮೈಯೊಳಗೆಲ್ಲ ನೀರೇ ಇರುವುದರಿಂದ ಎಳೆ ಮಡಿಚಿಕೊಳ್ಳುವಾಗ ನೀರಿಗೆ ಒಗ್ಗುವವು ಹೊರಮುಖವಾಗಿ ನಿಲ್ಲುತ್ತವೆ, ಎಣ್ಣೆಯವು ಒಳಗೆ ಒತ್ತೊತ್ತಾಗಿ ಸೇರುತ್ತವೆ. ಪ್ರೋಟೀನಿಗೆ ಗುಂಡಗಿನ ರೂಪ ಬರುವುದು ಬಹುಮಟ್ಟಿಗೆ ಇದರಿಂದಲೇ. ಇದನ್ನು ಹುಡುಗರಿಗೆ ಹೇಗೆ ಹೇಳಲಿ ಎಂದಳು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಅದನ್ನೇ ಹೇಳು ಎಂದೆ. ಹೊರಗಣ ಗಾಳಿಗೆ ಒಪ್ಪುವ ಫಲಕ, ಒಳಗೆ ಬಚ್ಚಿಟ್ಟ ತಿರುಳು.

"ಅಂದಮೇಲೆ ಎಣ್ಣೆಗೆ ಎಣ್ಣೆಯನ್ನು ಕಂಡರೆ ಪ್ರೀತಿ," ಎಂದು ನಾನು ಮುಗಿಸಹೋದೆ.

"ಅಲ್ರಿ ಅಪ್ಪಾ. ಎಲ್ಲಾರೂ ಹಂಗೇ ತಿಳ್ಕೋತಾರ. ಎಣ್ಣಿಗಿ ಎಣ್ಣಿ ಮ್ಯಾಲೆ ಅಂಥಾ ಪ್ರೀತಿ ಏನೂ ಇಲ್ಲ. ನೀರಿನ ಅಣುಗಳು ಒಂದರ ಕೈ ಒಂದು ಹಿಡ್ಕೊಂಡು ನಿಂತಿರ್ತಾವ. ನಡಬರಕ ಎಣ್ಣಿ ಬಂದ್ರ ಅವಕ್ಕ ತೊಡಕಾಗ್ತದ. ಅದಕ್ಕ ದೂರ ನೂಕ್ತಾವ. ನೂಕಿಸಿಕೊಂಡವು ಒಂದು ಮೂಲಿಗಿ ಸೇರ್ತಾವ. ನೋಡೋರಿಗಿ, ಅವಕ್ಕ ಹಂಗ ಇರೋದೇ ಸೇರ್ತದ ಅನ್ನಿಸ್ತದ, ಅಷ್ಟೇ."

ಅವಳು ಇದನ್ನು ಹೇಳಿದ್ದು ಎಣ್ಣೆಯ ವಿಷಯ. ಆ ಹೊತ್ತಿಗೆ ನಾನೂ ಎಣ್ಣೆಯ ವಿಷಯವೆಂದೇ ಕೇಳಿದೆ.

ರೊಟ್ಟಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇತ್ತು. ಗೋಧಿಯ ಪ್ರೋಟೀನುಗಳು ನೀರು ಕುಡಿದು, ಎಳೆ ಎಳೆಯಾಗಿ ಒಂದಕ್ಕೊಂದು ಹೆಣೆದುಕೊಂಡು ಹಿಟ್ಟಿಗೆ ಜಿಗಿ ಕೊಡುತ್ತವೆ. ಜೋಳದ ಮುಖ್ಯ ಪ್ರೋಟೀನಿಗೆ ಕಾಫಿರಿನ್ ಎಂದು ಹೆಸರು. ಅದರಲ್ಲಿ ಲ್ಯೂಸಿನ್ ವಿಪರೀತ. ನೂರು ಗ್ರಾಂ ಪ್ರೋಟೀನಿನಲ್ಲಿ ಸುಮಾರು ೧೩ ಗ್ರಾಂ, ಅಕ್ಕಿಯಲ್ಲಿ ೮ರ ಆಸುಪಾಸು. ಎಣ್ಣೆಯ ಪಕ್ಷದವರೇ ತುಂಬಿಕೊಂಡದ್ದರಿಂದ ಕಾಫಿರಿನ್ ಕಾಳಿನೊಳಗೆ ಪುಟ್ಟ ಪುಟ್ಟ ಉಂಡೆಗಳಾಗಿ ಮುದುಡಿ ಕುಳಿತಿರುತ್ತದೆ. ನೀರು ಹಾಕಿದರೂ ಎದ್ದು ಬಂದು ಹೆಣೆದುಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಹೆಂಗಸರು ಎಸರು ಇಟ್ಟು ಕುದಿನೀರು ಸುರಿಯುವುದು. ಕುದಿನೀರಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗಿ, ಪ್ರೋಟೀನು ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತದೆ. ಕಾಫಿರಿನ್ ಎಂಬ ಹೆಸರು ಹುಟ್ಟುವ ಎಷ್ಟೋ ಕಾಲ ಮುಂಚೆಯೇ ಇದನ್ನು ಕಂಡುಕೊಂಡವಳು ಯಾವಳೋ, ಅವಳಿಗೆ ಯಾರೂ ಪಾರಿತೋಷಕ ಕೊಟ್ಟಂತಿಲ್ಲ. ಮರುದಿನ ಎಸರಿಟ್ಟು ಮಾಡಿದೆ. ಔರಾದ ಈ ಸಲವೂ ಬಿತ್ತು, ಭಾಲ್ಕಿ ಉಳಿಯಿತು.

ಊಟವಾದ ಮೇಲೆ ಮಗಳು ಪುಸ್ತಕದ ಇನ್ನೊಂದು ಪುಟ ತೆಗೆದು, "ಲ್ಯೂಸಿನ್ನಿಂದು ಇಲ್ಲಿ ಇನ್ನೊಂದು ಕಥಿ ಅದ, ನಮ್ಮ ಕಡೀದೇ," ಎಂದು ಓದತೊಡಗಿದಳು.

ಪೆಲಾಗ್ರ ಎಂಬುದೊಂದು ರೋಗ. ಬಿಸಿಲು ಬೀಳುವ ಕಡೆಯೆಲ್ಲ ಚರ್ಮ ಕರ್ರಗಾಗಿ, ಬಿರಿದು, ಹೊಪ್ಪಳಿಕೆ ಏಳುತ್ತದೆ. ಎರಡೂ ಕೈಗೆ ಕರಿಯ ಕೈಚೀಲ ತೊಟ್ಟಂತೆ. ಕೊರಳ ಸುತ್ತ ಕರಿಯ ಸರ ಹಾಕಿದಂತೆ. ನಾಲಿಗೆ ಕೆಂಪಾಗಿ ಉರಿಯುತ್ತದೆ, ಭೇದಿಯಾಗುತ್ತದೆ, ಬಲಿತರೆ ಬುದ್ಧಿಯೂ ಕದಡುತ್ತದೆ. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ ಕಳೆದ ಶತಮಾನದ ಮೊದಲ ದಶಕಗಳಲ್ಲಿಯೇ ತೋರಿಸಿಕೊಟ್ಟಿದ್ದ. ಕೊರತೆ ನಯಾಸಿನ್ ಎಂಬ ಜೀವಸತ್ತ್ವದ್ದೆಂದು ೧೯೩೭ರ ಹೊತ್ತಿಗೆ ತಿಳಿಯಿತು. ಮೈ ಅದನ್ನು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ತಾನೂ ಸ್ವಲ್ಪ ತಯಾರಿಸಿಕೊಳ್ಳಬಲ್ಲದು. ಬರೀ ಮೆಕ್ಕೆಜೋಳ ಉಣ್ಣುವವರಿಗೆ ಈ ರೋಗ ಬರುವುದು ಎಲ್ಲರಿಗೂ ತಿಳಿದದ್ದು. ಆದರೆ ಹೈದರಾಬಾದಿನ ಸುತ್ತಲ ದಖ್ಖನಿನಲ್ಲಿ, ಮೆಕ್ಕೆಜೋಳ ಮುಟ್ಟದೆ ಬರೀ ಜೋಳದ ಮೇಲೆ ಬದುಕುವ ಬಡವರಿಗೂ ಅದು ಬರುತ್ತಿತ್ತು. ಜೋಳದಲ್ಲಿ ಟ್ರಿಪ್ಟೊಫ್ಯಾನ್ ಅಷ್ಟೇನೂ ಕಡಿಮೆಯಿಲ್ಲ. ಮತ್ತೆ ಯಾಕೆ? ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ೧೯೬೦ರಲ್ಲಿ, ಜೋಳದಲ್ಲಿ ಮಿತಿಮೀರಿರುವ ಲ್ಯೂಸಿನ್ನೇ ಇದಕ್ಕೆ ಕಾರಣವಿರಬೇಕೆಂದು ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಬೇರೆಯವರ ಪ್ರಯೋಗಗಳಲ್ಲಿ ಅದೇ ಫಲ ಬರಲಿಲ್ಲವೆಂಬ ಆಕ್ಷೇಪಣೆ ಉಂಟು. ಆದರೆ ಜೋಳದ ಜೊತೆಗೆ ಬೇಳೆ, ಹಾಲು ಸೇರಿದಲ್ಲಿ ಪೆಲಾಗ್ರ ನಿಲ್ಲುತ್ತಿರಲಿಲ್ಲ ಎಂಬುದರಲ್ಲಿ ಆಕ್ಷೇಪಣೆಯಿಲ್ಲ.

ಮಗಳು ಓದುತ್ತಲೇ ಇದ್ದಳು. ನಾನು 'ಕರಿಯ ಕೈಚೀಲ, ಕರಿಯ ಸರ' ಎಂಬಲ್ಲಿಯೇ ನಿಂತುಬಿಟ್ಟಿದ್ದೆ.

ನನ್ನ ಆಯಿ, ಎಂದರೆ ತಂದೆಯ ತಾಯಿ, ಔರಾದ ತಾಲೂಕಿನ ಒಂದು ಹಳ್ಳಿಯವಳು. ಎರೆಭೂಮಿ, ಮಳೆ ಬಂದರೆ ಹಿಂಗಾರಿ ಜೋಳ, ಬಾರದಿದ್ದರೆ ಏನೂ ಇಲ್ಲ. ೧೯೭೨ರ ಬರಗಾಲದಲ್ಲಿ ಅವಳಿಗೆ ಮೊದಲು ಕೈ ಕರ್ರಗಾದವಂತೆ. ಆಮೇಲೆ ವರ್ಷ ವರ್ಷವೂ ಬೇಸಗೆಗೆ ಸರಿಯಾಗಿ ಮರಳಿ ಬರುತ್ತಿತ್ತು. ಕೊರಳಲ್ಲಿಯೂ ಎದ್ದಿತು. ಬಿಸಿಲು ಬಲಿತಾಗ ಒಬ್ಬಳೇ ಏನೇನೋ ಮಾತಾಡಿಕೊಳ್ಳುತ್ತಿದ್ದಳು. ಊರವರು ಮೆಲ್ಲನೆ ಒಂದು ಮಾತು ಆಡಿದರು. ಆ ಮಾತು ಕುಷ್ಠ. ಹಾಗೆಂದವರಲ್ಲಿ ಒಬ್ಬರೂ ವೈದ್ಯರಲ್ಲ. ಕುಷ್ಠವೇ ಆಗಿದ್ದರೂ ಅದು ಉಂಡ ತಾಟಿನಿಂದ ಹರಡುವುದಲ್ಲ. ಆದರೂ ಆಯಿಯ ತಾಟು ಬೇರೆಯಾಯಿತು.

೧೯೭೯ರಲ್ಲಿ ಭಾಲ್ಕಿಯಲ್ಲಿ ಶಾಲಾಮಾಸ್ತರರಾಗಿದ್ದ ನನ್ನ ತಂದೆ ಅವಳನ್ನು ಕರೆತಂದರು. ಮನೆಯಲ್ಲಿ ದೇವಣಿ ಆಕಳಿತ್ತು. ತೊಗರಿಬೇಳೆ, ಹಾಲು, ಮಜ್ಜಿಗೆ, ಒಂದು ಹೊತ್ತು ಅನ್ನ. ಎರಡು ವರ್ಷದಲ್ಲಿ ಅವಳ ಚರ್ಮ ತಿಳಿಯಾಯಿತು. ಯಾರ ಮದ್ದು ಫಲಿಸಿತೆಂದು ಮನೆಯಲ್ಲಿ ಚರ್ಚೆ ನಡೆದಿತ್ತು. ಬೇಳೆಗೆ ಯಾರೂ ಮಾನ ಕೊಡಲಿಲ್ಲ. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಅವಳ ಮಣಿಕಟ್ಟಿನ ಮೇಲೆ ಬಳೆಯಿಟ್ಟಂತೆ ಒಂದು ಮಾಸಿದ ಗೆರೆ ಇತ್ತು, ಅಷ್ಟೆ. ರೋಗ ಹೋಯಿತು, ತಾಟು ಮಾತ್ರ ಬೇರೆಯೇ ಉಳಿಯಿತು. ಎಲ್ಲರ ಊಟವಾದ ಮೇಲೆ ಹಿತ್ತಲ ಬಾಗಿಲ ಹತ್ತಿರ ಗೋಡೆಗೆ ಒರಗಿ ಅವಳೊಬ್ಬಳೇ ಉಣ್ಣುತ್ತಿದ್ದಳು. ಯಾಕೆಂದು ಕೇಳಿದರೆ ದೊಡ್ಡವರು, "ಆಯಿಗಿ ಒಬ್ಬಾಕಿನೇ ಉಣ್ಣೋದು ಸೇರ್ತದ," ಎನ್ನುತ್ತಿದ್ದರು.

ನನ್ನದೊಂದು ಪಾಲಿದೆ, ಅದನ್ನೂ ಹೇಳಿಬಿಡುತ್ತೇನೆ. ನನಗಾಗ ಏಳು ವರ್ಷ. ಆಯಿ ಮುಟ್ಟಿದ್ದು ತಿಂದರೆ ಕೈ ಕರ್ರಗಾಗುತ್ತವೆಂದು ಹುಡುಗರು ನನಗೆ ಹೇಳಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆಯಿ ಒಲೆ ಹೊತ್ತಿಸಿ, ಅಂಗೈಯಷ್ಟು ಅಗಲದ ಒಂದು ಪುಟ್ಟ ರೊಟ್ಟಿ ಮಾಡಿ, ಬೆಲ್ಲ ತುಪ್ಪ ಸವರಿ, ಸುರುಳಿ ಸುತ್ತಿ ನನ್ನ ಕೈಗಿತ್ತಳು. ನಾನು ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಆಕಳ ಮುಂದೆ ಹಾಕಿ, ಬಾಯಿ ಒರಸಿಕೊಂಡು ಬಂದೆ. ತಿರುಗಿದಾಗ ಆಯಿ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ. ಆಮೇಲೆ ಅವಳು ನನಗಾಗಿ ರೊಟ್ಟಿ ಮಾಡಲಿಲ್ಲ. ೧೯೯೪ರಲ್ಲಿ ತೀರಿಕೊಂಡಳು.

ನನ್ನ ಗೆಳೆಯರೊಬ್ಬರು ಡಾಕ್ಟರು. ಅವರಿಗೆ ಎಲ್ಲವನ್ನೂ ವಿವರಿಸಿದೆ. ಎರಡೂ ಕೈಗೆ ಒಂದೇ ಸಮ ಬಂದಿತ್ತೆ, ಬಿಸಿಲಿಗೆ ಹೆಚ್ಚುತ್ತಿತ್ತೆ, ಕೊರಳಲ್ಲಿ ಸುತ್ತುವರಿದಿತ್ತೆ ಎಂದು ಮೂರು ಪ್ರಶ್ನೆ ಕೇಳಿ, "ಮತ್ತಿನ್ನೇನು?" ಎಂದರು. ಕೆಲವು ಮಾತ್ರೆಗಳ ವಿಷಯವಂತೆ.

ಮುಂದಿನ ಭಾನುವಾರ ಭಾಲ್ಕಿಗೆ ಹೋದೆ. ಬೀದರಿನ ಕೆಂಪು ಮಣ್ಣು ಮುಗಿದು ಕರಿಮಣ್ಣು ಆರಂಭವಾಗುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ಈಗ ಆ ಹೊಲಗಳಲ್ಲಿ ಸೋಯಾ ಹೆಚ್ಚು. ಪ್ರೋಟೀನಿನ ಕಣಜವೆಂದು ಹೆಸರಾದ ಕಾಳು. ನಮ್ಮವರು ಬೆಳೆದು ಎಣ್ಣೆಯ ಗಿರಣಿಗೆ ಕಳಿಸುತ್ತಾರೆ. ಅದೇನೇ ಇರಲಿ. ಭಾಲ್ಕಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಎಪ್ಪತ್ತರ ಹತ್ತಿರ ಬಂದಿದ್ದಾರೆ. ಬರಗಾಲದ ವರ್ಷ ಹದಿನಾರು ಹದಿನೇಳರ ಹುಡುಗಿ. ಆಯಿಗಿದ್ದದ್ದು ಕುಷ್ಠವಲ್ಲ, ಅಂಟುರೋಗವೇ ಅಲ್ಲ, ಬರೀ ಜೋಳ ಉಂಡದ್ದರಿಂದ ಬಂದದ್ದೆಂದು ಹೇಳಿದೆ. ಲ್ಯೂಸಿನ್ನಿನ ಮಾತೆತ್ತಲಿಲ್ಲ.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. "ಕಾಮಗಾರಿಗಿ ಕಲ್ಲು ಒಡೀಲಾಕ ಹೋಗ್ತಿದ್ವಿ, ನಾನೂ ಆಕೀನೂ," ಎಂದರು. "ಒಂದಿಷ್ಟು ಬ್ಯಾಳಿ ಸಿಕ್ಕರ ನಮಗ ಹಾಕ್ತಿದ್ಲು. ತಾ ರೊಟ್ಟಿ ಖಾರ ನೀರಾಗ ನೆನಸಿ ಉಣ್ತಿದ್ಲು. ನಮಗ್ಯಾರಿಗೂ ಬರಲಿಲ್ಲ ನೋಡು ಅದು, ಆಕಿಗೊಬ್ಬಾಕಿಗೇ ಬಂತು."

ಅದು ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಿದ ಮಾತು ಅವರಿಗೇ ಕೇಳಿಸಿರಬೇಕು. ಸೆರಗು ಬಾಯಿಗೆ ಹಿಡಿದುಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ನಾನು, "ಆಯಿಗಿ ಒಬ್ಬಾಕಿನೇ ಉಣ್ಣೋದು ಸೇರ್ತಿತ್ತಲ್ಲ, ಅತ್ತಿ?" ಎಂದೆ. ಯಾಕೆ ಕೇಳಿದೆನೋ.

"ಯಾರ್ ಹೇಳ್ಯಾರ ನಿನಗ?" ಎಂದರು ಅತ್ತೆ. "ನಿಮ್ಮೆಲ್ಲಾರ ಊಟ ಮುಗಿಯೋ ತನಕ ಆಕಿ ಗ್ವಾಡಿ ಕಡೀ ಮಾರಿ ಮಾಡಿ ಕುಂದ್ರತಿದ್ಲು. ನೀವು ಯಾರರ ನಕ್ಕರ, ಏನಂದ್ರು, ಏನಂದ್ರು ಅಂತ ನನ್ನ ಕೇಳ್ತಿದ್ಲು. ಸೇರ್ತಿತ್ತಂತ!"

ಮಗಳು ಹೇಳಿದ ಎಣ್ಣೆಯ ಮಾತು ಆಗ ನನಗೆ ಅರ್ಥವಾಯಿತು.

ಹೊರಡುವಾಗ ಅತ್ತೆ ಅಟ್ಟದ ಡಬ್ಬಿಗಳ ಹಿಂದಿನಿಂದ ಅದನ್ನು ತೆಗೆಸಿ ಕೊಟ್ಟರು. ಜರ್ಮನ್ ತಾಟು. ಎಸೆಯಲಿಕ್ಕೂ ಆಗದೆ, ಉಣ್ಣಲಿಕ್ಕೂ ಆಗದೆ ಇಷ್ಟು ವರ್ಷ ಇಟ್ಟುಕೊಂಡಿದ್ದರಂತೆ. ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದಾಗ ಹೆಂಡತಿ ತವರಿನಿಂದ ಮರಳಿದ್ದಳು. ಕಥೆಯನ್ನೆಲ್ಲ ಕೇಳಿ, "ಹಂಗಂತ ರೊಟ್ಟಿಗಿ ಹೆಸರಿಡಬ್ಯಾಡ್ರಿ," ಎಂದಳು. "ಎಳ್ಳಮಾಸಿಗಿ ಭಜ್ಜಿ ಯಾಕ ಮಾಡ್ತಾರ? ತೊಗರಿ, ಕಡ್ಲಿ, ಅವರಿ, ಇದ್ದ ಕಾಳೆಲ್ಲಾ ಹಾಕಿ? ರೊಟ್ಟಿ ಒಂದೇ ಉಣ್ಣು ಅಂತ ಯಾರ್ ಹೇಳ್ಯಾರ?" ಮಾತು ನಿಜ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಜೋಳ ಕೊಡುತ್ತದೆ. ತಪ್ಪು ರೊಟ್ಟಿಯದಲ್ಲ, ತಾಟಿನಲ್ಲಿ ಅದರ ಜೊತೆಗೆ ಏನೂ ಇಲ್ಲದಿದ್ದದ್ದು.

ನವೆಂಬರಿನಲ್ಲಿ ಮಗಳ ಭಾಷಣವಾಯಿತು. ಭಾಲ್ಕಿಯ ಫಲಕದ ಮಾತಿಗೆ ಹುಡುಗರು ಚಪ್ಪಾಳೆ ತಟ್ಟಿದರಂತೆ. 'ಅಸಹವೇಲೆನ್ಸೀಯ ಅಂತರಕ್ರಿಯೆ' ಏನಾಯಿತೆಂದು ಕೇಳಿದೆ. ಅದನ್ನು ಬಿಟ್ಟುಬಿಟ್ಟಳಂತೆ. ಕೋವೆಲೆಂಟ್ ಬಂಧಕ್ಕೆ 'ಗಂಟು' ಎಂದು, ಉಳಿದದ್ದಕ್ಕೆಲ್ಲ 'ನಂಟು' ಎಂದು ಹೇಳಿ ಮುಗಿಸಿದಳಂತೆ. ನಿಘಂಟುಕಾರರು ಒಪ್ಪುವರೋ ಇಲ್ಲವೋ. ನಾನು ಒಪ್ಪಿದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ ಆಯಿಯ ತಾಟನ್ನು ತಂದು ನನ್ನ ಮುಂದಿಟ್ಟಳು. ಅದರ ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿದೆ. ತಾಟನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಬರುತ್ತದೆ. ನಾನು ಹಾಗೆ ಹಿಡಿದುಕೊಂಡು ಕುಳಿತಿದ್ದೆ.

"ಬ್ಯಾಳಿ ಹಾಕ್ಲೇನ್ರಿ ಅಪ್ಪಾ?" ಎಂದಳು ಮಗಳು.

"ಹಾಕು," ಎಂದೆ.